ಎಂಎಸ್ಸಿಗೆ ನಿಲ್ಲಿಸಬೇಕಾ, ಪಿಎಚ್‌ಡಿಗೆ ಹೋಗಬೇಕಾ?

ಒಂದು ಲೀಟರ್ ನೀರು, 100 ಗ್ರಾಂ ರವೆ, 100 ಗ್ರಾಂ ಬೆಲ್ಲ, 10 ಗ್ರಾಂ ಅಗರ್. ಚೆನ್ನಾಗಿ ಕುದಿಸಿ ಇಳಿಸಿದ ಮೇಲೆ ಏಳೂವರೆ ಎಂಎಲ್ ಪ್ರೊಪಿಯಾನಿಕ್ ಆಸಿಡ್, ಬೂಷ್ಟು ಹಿಡಿಯದಿರಲಿ ಅಂತ. ಇದು ಹಣ್ಣಿನ ನೊಣಗಳ ಊಟ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಪ್ರಾಣಿಶಾಸ್ತ್ರ ಎಂಎಸ್ಸಿ ಮಾಡುವಾಗ ಇದನ್ನು ಕಲಿತೆ. ಎರಡು ವರ್ಷ ಚೆನ್ನಾಗಿ ಓದಿದೆ. ಒಳ್ಳೆ ಅಂಕವೂ ಬಂತು. ಪಿಎಚ್‌ಡಿ ಮಾಡುವುದು ಅಂತ ತೀರ್ಮಾನ ಮಾಡಿಬಿಟ್ಟೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಪಿಯುಸಿ, ಆಮೇಲೆ ಬಿಎಸ್ಸಿ, ಆಮೇಲೆ ಎಂಎಸ್ಸಿ, ಅದರ ಮುಂದಿನ ಕ್ಲಾಸು ಪಿಎಚ್‌ಡಿ. ನನ್ನ ಲೆಕ್ಕ ಇಷ್ಟೇ ಆಗಿತ್ತು.

ಆ ಲೆಕ್ಕ ತಪ್ಪು ಅಂತ ಗೊತ್ತಾಗಲು ಎರಡು ವರ್ಷ ಹಿಡಿಯಿತು. ಪಿಎಚ್‌ಡಿ ಅನ್ನುವುದು ಒಂದು ಕೆಲಸ. ಓದಿನಲ್ಲಿ ಮುಂದಿರುವವರಿಗೆಲ್ಲ ಆ ಕೆಲಸ ಹಿಡಿಸುತ್ತದೆ ಅಂತೇನೂ ಇಲ್ಲ. ನನಗೆ ಹಿಡಿಸಿತು. 2013ರಲ್ಲಿ ಸೇರಿ 2019ರಲ್ಲಿ ಮುಗಿಸಿದೆ. ಈಗ ಬೆಂಗಳೂರಿನ ಒಂದು ಕಂಪನಿಯ ಸಂಶೋಧನಾ ವಿಭಾಗದಲ್ಲಿದ್ದೇನೆ. ಹೊಸಬರನ್ನು ತೆಗೆದುಕೊಳ್ಳುವಾಗ ಇಂಟರ್‌ವ್ಯೂಗೆ ಕೂರುತ್ತೇನೆ. ಎಂಎಸ್ಸಿ ಮುಗಿಸಿದವರು ಬರುತ್ತಾರೆ, ಪಿಎಚ್‌ಡಿ ಮುಗಿಸಿದವರು ಬರುತ್ತಾರೆ, ನಾಲ್ಕು ವರ್ಷ ಮಾಡಿ ಪಿಎಚ್‌ಡಿ ಬಿಟ್ಟವರೂ ಬರುತ್ತಾರೆ. ಬಿಟ್ಟವರು ಆ ನಾಲ್ಕು ವರ್ಷದ ಬಗ್ಗೆ ಮಾತಾಡುವಾಗ ತಲೆ ತಗ್ಗಿಸುತ್ತಾರೆ. ನನಗೆ ಅದು ನೋಡಲು ಆಗುವುದಿಲ್ಲ. ಅವರು ಸೋತವರಲ್ಲ. ಸೇರುವ ಮುಂಚೆ ಯಾರೂ ಅವರನ್ನು ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳಿರಲಿಲ್ಲ, ಅಷ್ಟೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೆಲಸ ಮಾಡಿ ನೋಡಿ

ಎಂಎಸ್ಸಿ ಪ್ರಾಕ್ಟಿಕಲ್‌ನಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ. ಮೆಂಡೆಲ್ ಹೇಳಿದಂತೆ 3:1 ಬರಬೇಕು. ಬರದಿದ್ದರೆ ನೀವು ಎಣಿಸಿದ್ದು ತಪ್ಪು. ಪಿಎಚ್‌ಡಿಯಲ್ಲಿ ಏನು ಬರಬೇಕು ಅಂತ ಯಾರಿಗೂ ಗೊತ್ತಿರುವುದಿಲ್ಲ. ಗೈಡಿಗೂ ಗೊತ್ತಿರುವುದಿಲ್ಲ. ಗೊತ್ತಿದ್ದರೆ ಅದು ಸಂಶೋಧನೆಯೇ ಅಲ್ಲ, ಅಲ್ವಾ?

ನೊಣಗಳ ಜೊತೆಗಿನ ನನ್ನ ಪಿಎಚ್‌ಡಿಯಲ್ಲಿ ದಿನ ಹೇಗಿರುತ್ತಿತ್ತು ಅಂತ ಹೇಳುತ್ತೇನೆ. ಹೆಣ್ಣು ನೊಣ ಪ್ಯೂಪಾದ ಗೂಡಿನಿಂದ ಹೊರಗೆ ಬಂದ ಮೇಲೆ, 25 ಡಿಗ್ರಿಯಲ್ಲಿಟ್ಟರೆ, ಸುಮಾರು ಎಂಟು ಗಂಟೆ ಗಂಡಿನ ಜೊತೆ ಕೂಡುವುದಿಲ್ಲ. ಅಷ್ಟರೊಳಗೆ ಅದನ್ನು ಬೇರೆ ಮಾಡಿಟ್ಟರೆ ಮಾತ್ರ ನಮಗೆ ಬೇಕಾದ ಗಂಡಿನ ಜೊತೆ ಕ್ರಾಸ್ ಮಾಡಬಹುದು. ಲ್ಯಾಬಿನಲ್ಲಿ ಇದಕ್ಕೆ ವರ್ಜಿನ್ ಕಲೆಕ್ಷನ್ ಅಂತಾರೆ. ಬೆಳಿಗ್ಗೆ ಏಳಕ್ಕೆ ಒಂದು ಸಲ, ಮಧ್ಯಾಹ್ನ ಮೂರಕ್ಕೆ ಒಂದು ಸಲ, ರಾತ್ರಿ ಹನ್ನೊಂದಕ್ಕೆ ಒಂದು ಸಲ. ಭಾನುವಾರವೂ ಅಷ್ಟೆ, ಯುಗಾದಿಯೂ ಅಷ್ಟೆ. ಒಂದು ತಲೆಮಾರು ಬರಲು ಹತ್ತು ದಿನ. ಒಂದು ತಪ್ಪಾದರೆ ಮತ್ತೆ ಹತ್ತು ದಿನ.

ಎರಡನೇ ವರ್ಷ ನಾಲ್ಕು ತಿಂಗಳು ನನ್ನ ಎಣಿಕೆ ಕೂಡಿಬರಲೇ ಇಲ್ಲ. ಒಂದು ವಾರ ಒಂದು ಉತ್ತರ, ಇನ್ನೊಂದು ವಾರ ಇನ್ನೊಂದು. ಹೊಸದೇನೋ ಸಿಕ್ಕಿದೆ ಅಂತ ಖುಷಿಪಟ್ಟಿದ್ದೂ ಇದೆ. ಒಂದು ದಿನ ಸಂಜೆ, ಬರೀ ಕೆಂಪು ಕಣ್ಣಿನ ನೊಣ ಇರಬೇಕಾದ ಬಾಟಲಿಯಲ್ಲಿ ಬಿಳಿ ಕಣ್ಣಿನ ಗಂಡು ಕಂಡಿತು. ಒಂದಲ್ಲ, ಮೂರು. ಸ್ಟಾಕಿಗೆ, ಅಂದರೆ ನಾನು ಸಾಕುತ್ತಿದ್ದ ತಳಿಗೆ, ಬೇರೆ ನೊಣ ಬೆರೆತಿತ್ತು. ನಾಲ್ಕು ತಿಂಗಳ ಎಣಿಕೆಯೆಲ್ಲ ಎಸೆಯಬೇಕಾಯಿತು. ಹಾಸ್ಟೆಲ್ಲಿಗೆ ಹೋಗಿ ಅತ್ತೆ. ಬೆಳಿಗ್ಗೆ ಎದ್ದಾಗ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಯಾವತ್ತಿಂದ ಬೆರೆತಿದೆ? ನೋಟ್‌ಬುಕ್ ಹಿಡಿದು ಹಿಂದಿನ ಪುಟಗಳನ್ನು ಒಂದೊಂದೇ ತಿರುವುತ್ತ ಕೂತೆ. ಮಧ್ಯಾಹ್ನದ ಊಟ ಮರೆತುಹೋಯಿತು.

ಅದೇ ವರ್ಷ ಪಕ್ಕದ ಬೆಂಚಿನ ಹುಡುಗನಿಗೂ ಹೀಗೇ ಆಯಿತು. ಅವನು ಲ್ಯಾಬಿನಲ್ಲಿ ಬೆಳೆಸುತ್ತಿದ್ದ ಜೀವಕೋಶಗಳು, ಸೆಲ್ ಕಲ್ಚರ್, ಪೂರ್ತಿ ಕೆಟ್ಟುಹೋಯಿತು. ಮರುದಿನ ಅವನಿಗೆ ಲ್ಯಾಬಿನ ಬಾಗಿಲು ತೆಗೆಯಲು ಮನಸ್ಸಾಗಲಿಲ್ಲವಂತೆ. ಅವನು ನನಗಿಂತ ಬುದ್ಧಿವಂತ. ಅಧ್ಯಾಪಕರ ಹುದ್ದೆಗೆ, ಫೆಲೋಶಿಪ್‌ಗೆ ಅರ್ಹತೆ ನೋಡುವ ನೆಟ್ ಪರೀಕ್ಷೆಯಲ್ಲಿ ನನಗಿಂತ ಮೇಲಿನ ರ್‍ಯಾಂಕ್. ಆರು ತಿಂಗಳ ನಂತರ ಬಿಟ್ಟು ಹೋದ. ಈಗ ಕ್ಲಿನಿಕಲ್ ಟ್ರಯಲ್‌ಗಳ ದತ್ತಾಂಶ ನೋಡಿಕೊಳ್ಳುವ ಕೆಲಸದಲ್ಲಿ ತುಂಬಾ ಖುಷಿಯಾಗಿದ್ದಾನೆ.

ಕೆಟ್ಟ ದಿನದ ಮರುದಿನ ಬೆಳಿಗ್ಗೆ ನಿಮ್ಮ ಮನಸ್ಸು ಯಾವ ಕಡೆ ಹೋಗುತ್ತದೆ ಅನ್ನುವುದನ್ನು ನೋಡಿಕೊಳ್ಳಿ. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ಆದರೆ ಇದು ಮನೆಯಲ್ಲಿ ಕೂತು ಯೋಚಿಸಿದರೆ ಗೊತ್ತಾಗುವುದಿಲ್ಲ. ಹದಿನೈದು ದಿನದ ಟ್ರೈನಿಂಗ್ ಕೋರ್ಸಿನಲ್ಲೂ ಗೊತ್ತಾಗುವುದಿಲ್ಲ, ಅಲ್ಲಿ ಎಲ್ಲ ಪ್ರಯೋಗವೂ ಸರಿಯಾಗಿ ಬರುವಂತೆ ಮೊದಲೇ ಜೋಡಿಸಿಟ್ಟಿರುತ್ತಾರೆ. ಕಡಿಮೆ ಅಂದರೆ ಆರು ತಿಂಗಳು ಒಂದು ಲ್ಯಾಬಿನಲ್ಲಿ, ಒಂದೇ ಪ್ರಶ್ನೆ ಹಿಡಿದು ಕೂರಬೇಕು. ಎಂಎಸ್ಸಿ ನಾಲ್ಕನೇ ಸೆಮಿಸ್ಟರ್‌ನ ಪ್ರಾಜೆಕ್ಟನ್ನು ಎಷ್ಟೋ ಜನ ಸುಮ್ನೆ ಮುಗಿಸಿಬಿಡುತ್ತಾರೆ, ಹಳೆ ರಿಪೋರ್ಟ್ ನೋಡಿ ಹೊಸದು ಬರೆಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಮುಂದಿನ ಆರು ವರ್ಷದ ಸ್ಯಾಂಪಲ್ ಅದು.

ಇನ್ನೊಂದು ಸಣ್ಣ ಪರೀಕ್ಷೆ ಇದೆ, ಇದನ್ನು ಮನೆಯಲ್ಲೇ ಮಾಡಬಹುದು. ಸಿಎಸ್‌ಐಆರ್ (ಕೇಂದ್ರದ ವೈಜ್ಞಾನಿಕ ಸಂಶೋಧನಾ ಮಂಡಳಿ) ನೆಟ್‌ನ ಲೈಫ್ ಸೈನ್ಸಸ್ ವಿಷಯದ ಹಳೆ ಪ್ರಶ್ನೆಪತ್ರಿಕೆ ತೆಗೆಯಿರಿ. ಅದರಲ್ಲಿ ಮೂರನೇ ಭಾಗ, ಪಾರ್ಟ್ ಸಿ. 75 ಪ್ರಶ್ನೆ ಕೊಟ್ಟು 25ಕ್ಕೆ ಉತ್ತರಿಸಿ ಅಂತಾರೆ, ಒಂದೊಂದಕ್ಕೆ ನಾಲ್ಕು ಅಂಕ. ಅಲ್ಲಿ ಬಾಯಿಪಾಠ ಕೆಲಸಕ್ಕೆ ಬರುವುದು ಕಡಿಮೆ. ಒಂದು ಪ್ರಯೋಗ ಕೊಟ್ಟು, ಫಲಿತಾಂಶ ಹೀಗೆ ಬಂತು, ಇದರ ಅರ್ಥ ಏನು ಅಂತ ಕೇಳುವುದೇ ಜಾಸ್ತಿ. ಗಡಿಯಾರ ನೋಡದೆ ಹತ್ತು ಪ್ರಶ್ನೆ ಮಾಡಿ. ತಪ್ಪಾದರೂ ಪರವಾಗಿಲ್ಲ. ಯಾಕೆ ತಪ್ಪಾಯಿತು ಅಂತ ಹುಡುಕುವ ಆಸೆ ಹುಟ್ಟಿತಾ? ಅದನ್ನು ಬರೆದಿಟ್ಟುಕೊಳ್ಳಿ.

ನಿಮಗೆ ಬೇಕಾದ ಕೆಲಸ ಯಾವ ಡಿಗ್ರಿ ಕೇಳುತ್ತದೆ?

ಕೆಲಸದ ಜಾಹೀರಾತುಗಳಲ್ಲಿ ನಿಮಗೆ ಇಷ್ಟವಾದ 20 ಆರಿಸಿ. ಸಿಗುವಂಥದ್ದು ಮಾತ್ರ ಆರಿಸಬೇಡಿ, ಹತ್ತು ವರ್ಷದ ನಂತರ ಎಲ್ಲಿರಬೇಕು ಅಂತ ಆಸೆ ಇದೆಯೋ ಅದನ್ನೂ ಸೇರಿಸಿ. ಒಂದು ಹಾಳೆಯಲ್ಲಿ ಅವರು ಕೇಳುವ ಡಿಗ್ರಿ ಮತ್ತು ಅನುಭವ ಬರೆದುಕೊಳ್ಳಿ. ಒಂದು ಸಂಜೆಯ ಕೆಲಸ ಇದು.

ಔಷಧಿ ಕಂಪನಿಗಳಲ್ಲಿ ಗುಣಮಟ್ಟ ಪರೀಕ್ಷಿಸುವ ಕ್ಯೂಸಿ, ಗುಣಮಟ್ಟದ ಹೊಣೆ ನೋಡಿಕೊಳ್ಳುವ ಕ್ಯೂಎ, ಉತ್ಪಾದನೆ, ಕ್ಲಿನಿಕಲ್ ರಿಸರ್ಚ್, ಔಷಧಿಯ ಅಡ್ಡಪರಿಣಾಮ ಗಮನಿಸುವ ಫಾರ್ಮಕೋವಿಜಿಲೆನ್ಸ್, ಸರ್ಕಾರದ ಅನುಮತಿಗೆ ಕಾಗದಪತ್ರ ಸಿದ್ಧಪಡಿಸುವ ರೆಗ್ಯುಲೇಟರಿ ಅಫೇರ್ಸ್. ಇಲ್ಲೆಲ್ಲ ಎಂಎಸ್ಸಿ ಸಾಕು. ಇಲ್ಲಿ ಪಿಎಚ್‌ಡಿಗಿಂತ ಐದು ವರ್ಷದ ಅನುಭವಕ್ಕೇ ಬೆಲೆ ಜಾಸ್ತಿ. ಪಿಯು ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇದ್ದರೆ ಎಂಎಸ್ಸಿ ಜೊತೆ ಬಿ.ಎಡ್ ಮಾಡಿ. ಡಿಗ್ರಿ ಕಾಲೇಜಿಗೆ ಎಂಎಸ್ಸಿ ಜೊತೆ ನೆಟ್ ಅಥವಾ ನಮ್ಮ ರಾಜ್ಯದ ಕೆ-ಸೆಟ್ ಪಾಸಾಗಿರಬೇಕು. ಅಸಿಸ್ಟೆಂಟ್ ಪ್ರೊಫೆಸರ್ ಆಗಲು ಪಿಎಚ್‌ಡಿ ಕಡ್ಡಾಯ ಅಂತ ಇನ್ನೂ ಎಷ್ಟೋ ಜನ ನಂಬಿದ್ದಾರೆ. ವಿಶ್ವವಿದ್ಯಾಲಯಗಳಿಗೆ ಹಾಗೆ ಮಾಡುವ ನಿಯಮ ಬಂದಿತ್ತು ನಿಜ. ಆದರೆ 2023ರ ಜುಲೈನಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಅದನ್ನು ಬದಲಿಸಿತು. ನೆಟ್, ಇಲ್ಲವೇ ರಾಜ್ಯಮಟ್ಟದ ಸೆಟ್ ಅಥವಾ ಸ್ಲೆಟ್ ಈಗ ಕನಿಷ್ಠ ಅರ್ಹತೆ.

ನಿಮ್ಮದೇ ಪ್ರಶ್ನೆ, ನಿಮ್ಮದೇ ಲ್ಯಾಬ್ ಬೇಕು ಅಂದರೆ ಪಿಎಚ್‌ಡಿ ಇಲ್ಲದೆ ಆಗುವುದಿಲ್ಲ. ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿ ಆಗುವುದು, ಕಂಪನಿಯಲ್ಲಿ ಹೊಸ ಔಷಧಿ ಹುಡುಕುವ ತಂಡ ನಡೆಸುವುದು, ಇವಕ್ಕೂ ಬೇಕು. ಎಂಎಸ್ಸಿ ಮಾಡಿ ನಮ್ಮ ವಿಭಾಗಕ್ಕೆ ಬಂದವರು ಕೈಕೆಲಸದಲ್ಲಿ ಎಷ್ಟೇ ಚುರುಕಾಗಿದ್ದರೂ ಏಳೆಂಟು ವರ್ಷದ ನಂತರ ಒಂದು ಹಂತದಲ್ಲಿ ನಿಂತುಬಿಡುವುದನ್ನು ನೋಡಿದ್ದೇನೆ. ಮುಂದೆ ಏನು ಮಾಡಬೇಕು ಅಂತ ತೀರ್ಮಾನಿಸುವ ಮೀಟಿಂಗಿಗೆ ಅವರನ್ನು ಕರೆಯುವುದಿಲ್ಲ. ಇದು ಅನ್ಯಾಯ ಅಂತ ನನಗೆ ಅನಿಸುತ್ತದೆ. ಆದರೆ ಇರುವುದು ಹೀಗೆ, ನಿಮಗೆ ಗೊತ್ತಿರಲಿ.

ಮಾನಸಗಂಗೋತ್ರಿಯಲ್ಲಿ ನನ್ನ ಹಾಸ್ಟೆಲ್ ರೂಮಿನಲ್ಲಿದ್ದ ಗೆಳತಿ ಎಂಎಸ್ಸಿ ಮುಗಿದ ತಿಂಗಳೇ ಒಂದು ಔಷಧಿ ಕಾರ್ಖಾನೆಯ ಕ್ಯೂಸಿ ಮೈಕ್ರೋಬಯಾಲಜಿ ಲ್ಯಾಬಿಗೆ ಸೇರಿದಳು. ಶಿಫ್ಟ್ ಕೆಲಸ. ಅವಳು ಹೇಳುವುದು ಇಷ್ಟು: ಇವತ್ತಿನ ಪ್ಲೇಟ್ ಇವತ್ತು ನೋಡಿದೆ, ಬ್ಯಾಚ್ ಪಾಸೋ ಫೇಲೋ ಬರೆದೆ, ಮನೆಗೆ ಬಂದೆ, ನಿದ್ದೆ ಬಂತು. ಪಿಎಚ್‌ಡಿ ಮುಗಿಸಿ ನಾನು ಮೊದಲ ಸಂಬಳ ತೆಗೆದುಕೊಂಡ ವರ್ಷ ಅವಳು ಮೈಸೂರಿನ ಸೈಟಿನ ಸಾಲ ತೀರಿಸಿದಳು. ಈಗ ಅವಳ ಕೈಕೆಳಗೆ 12 ಜನ. ಅವಳ ಸಹಿ ಇಲ್ಲದೆ ಆ ಕಾರ್ಖಾನೆಯಿಂದ ಒಂದು ಬಾಟಲಿಯೂ ಹೊರಗೆ ಹೋಗುವುದಿಲ್ಲ. ನಮ್ಮ ಬ್ಯಾಚಿನಲ್ಲಿ ಚೆನ್ನಾಗಿ ಯೋಚನೆ ಮಾಡಿ ತೀರ್ಮಾನ ಮಾಡಿದವಳು ಅವಳೇ.

ದುಡ್ಡಿನ ಲೆಕ್ಕ

ನಮ್ಮದು ಅರಸೀಕೆರೆ ಹತ್ತಿರ ತೆಂಗಿನ ತೋಟ. ಕೊಬ್ಬರಿ ಮಾಡಿ ಮಾರುತ್ತೇವೆ. ಅಪ್ಪ ನನ್ನ ಓದಿಗೆ ಯಾವತ್ತೂ ಅಡ್ಡ ಬಂದವರಲ್ಲ. ಆದರೆ ಪ್ರತಿ ಸಲ ಊರಿಗೆ ಹೋದಾಗ ಕೇಳುತ್ತಿದ್ದರು, "ಇನ್ನೂ ಎಷ್ಟು ವರ್ಷ ಆಗುತ್ತಮ್ಮ?" ಕಾಯಿ ಅಟ್ಟಕ್ಕೆ ಹಾಕಿದರೆ ಯಾವ ತಿಂಗಳು ಇಳಿಸಬೇಕು ಅಂತ ಅವರಿಗೆ ಗೊತ್ತಿತ್ತು. ನನ್ನ ಪಿಎಚ್‌ಡಿಗೆ ಅಂಥ ತಿಂಗಳು ಹೇಳಲು ನನ್ನಿಂದ ಆಗಲಿಲ್ಲ.

ನಾನು 2013ರಲ್ಲಿ ಸೇರಿದಾಗ ಜೆಆರ್‌ಎಫ್, ಅಂದರೆ ಪಿಎಚ್‌ಡಿ ಮಾಡುವವರಿಗೆ ಸಿಗುವ ಫೆಲೋಶಿಪ್, ತಿಂಗಳಿಗೆ 16,000 ರೂಪಾಯಿ. ಮರುವರ್ಷ ಅದನ್ನು 25,000 ಮಾಡಿದರು. 2023ರ ಜನವರಿಯಿಂದ ಮೊದಲ ಎರಡು ವರ್ಷ 37,000, ಹಿರಿಯ ಫೆಲೋ, ಅಂದರೆ ಎಸ್‌ಆರ್‌ಎಫ್, ಆದ ಮೇಲೆ 42,000. ಹಾಸ್ಟೆಲ್ ಸಿಗದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ. ಒಬ್ಬರು ಬೆಂಗಳೂರಿನಲ್ಲಿ ಬದುಕಲು ಸಾಕು. ಮನೆಗೆ ಕಳಿಸಲು ಕಷ್ಟ.

ಇಲ್ಲಿ ಎರಡು ವಿಷಯ ಯಾರೂ ಹೇಳುವುದಿಲ್ಲ. ಒಂದು, ಈ ಫೆಲೋಶಿಪ್ ಐದು ವರ್ಷಕ್ಕೆ ಮಾತ್ರ. ಜೀವವಿಜ್ಞಾನದಲ್ಲಿ ಐದು ವರ್ಷಕ್ಕೆ ಮುಗಿಸುವವರು ಕಡಿಮೆ. ನನ್ನ ಆರನೇ ವರ್ಷ ಪೂರ್ತಿ ಉಳಿತಾಯದ ದುಡ್ಡಿನಲ್ಲಿ, ಗಂಡನ ಸಂಬಳದಲ್ಲಿ ನಡೆಯಿತು. ಎರಡು, ದುಡ್ಡು ಪ್ರತಿ ತಿಂಗಳು ಬರುತ್ತದೆ ಅಂತ ನಂಬಿಕೊಳ್ಳಬೇಡಿ. ಒಂದು ಸಲ ನನ್ನ ಫೈಲು ಎಲ್ಲೋ ಸಿಕ್ಕಿಹಾಕಿಕೊಂಡು ಏಳು ತಿಂಗಳು ಒಂದು ರೂಪಾಯಿ ಬರಲಿಲ್ಲ. ಆಮೇಲೆ ಒಟ್ಟಿಗೆ ಬಂತು. ಅಲ್ಲಿಯವರೆಗೆ ಮೆಸ್ ಬಿಲ್ ಕಟ್ಟಿದ್ದು ಅದೇ ಕ್ಯೂಸಿ ಗೆಳತಿ. ಸೇರುವ ಮುಂಚೆ ಆರು ತಿಂಗಳ ಖರ್ಚು ಕೈಯಲ್ಲಿಟ್ಟುಕೊಳ್ಳಿ.

ಮನೆಯಲ್ಲಿ ಸಾಲ ಇದೆ, ತಮ್ಮನ ಓದು ಬಾಕಿ ಇದೆ ಅಂತಾದರೆ ಎಂಎಸ್ಸಿ ಮಾಡಿ ಮೊದಲು ಕೆಲಸಕ್ಕೆ ಸೇರಿ. ಮೂರು ವರ್ಷ ದುಡಿದು ಆಮೇಲೆ ಪಿಎಚ್‌ಡಿಗೆ ಬಂದವರು ನಮ್ಮ ಲ್ಯಾಬಿನಲ್ಲೇ ಇಬ್ಬರಿದ್ದರು. ಇಬ್ಬರಿಗೂ ಸಮಯದ ಬೆಲೆ ಗೊತ್ತಿತ್ತು, ಇಬ್ಬರೂ ನನಗಿಂತ ಬೇಗ ಮುಗಿಸಿದರು. ಜೆಆರ್‌ಎಫ್‌ಗೆ ವಯಸ್ಸಿನ ಮಿತಿ ಇದೆ, ಅದನ್ನು ಮಾತ್ರ ಆ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಿ. ಫೆಲೋಶಿಪ್ ಇಲ್ಲದೆ, ಆಮೇಲೆ ಬರಬಹುದು ಅನ್ನುವ ಭರವಸೆ ಮೇಲೆ ಪಿಎಚ್‌ಡಿಗೆ ಸೇರಬೇಡಿ. ಈ ಮಾತನ್ನು ನಾನು ಬಹಳ ಗಟ್ಟಿಯಾಗಿ ಹೇಳುತ್ತೇನೆ.

ಮದುವೆ, ಮಗು ಅಂತ ಹೆಣ್ಣುಮಕ್ಕಳು ನನ್ನನ್ನು ತುಂಬಾ ಕೇಳುತ್ತಾರೆ. ಯುಜಿಸಿಯ 2022ರ ನಿಯಮದಂತೆ ಪಿಎಚ್‌ಡಿಗೆ ಕಡಿಮೆ ಅಂದರೆ ಮೂರು ವರ್ಷ, ಜಾಸ್ತಿ ಅಂದರೆ ಆರು ವರ್ಷ. ಮಹಿಳೆಯರಿಗೆ ಎರಡು ವರ್ಷ ಹೆಚ್ಚು ಕೊಡಬಹುದು. 240 ದಿನದವರೆಗೆ ಹೆರಿಗೆ ರಜೆ ಇದೆ. ನನ್ನ ಮಗಳು ಹುಟ್ಟಿದ್ದು ಐದನೇ ವರ್ಷದಲ್ಲಿ. ನಿಯಮ ಪುಸ್ತಕದಲ್ಲಿರುತ್ತದೆ. ಆ ರಜೆಯನ್ನು ಮುಖ ಸಿಂಡರಿಸದೆ ಕೊಡುವ ಗೈಡ್ ಸಿಗಬೇಕು. ಅದಕ್ಕೇ ಮುಂದಿನ ಮಾತು.

ಸಂಸ್ಥೆಗಿಂತ ಮೊದಲು ಗೈಡನ್ನು ನೋಡಿ

ಎಂಎಸ್ಸಿಯಲ್ಲಿ ಒಬ್ಬ ಮೇಷ್ಟ್ರು ಸರಿ ಇಲ್ಲದಿದ್ದರೆ ಒಂದು ಪೇಪರ್ ಹಾಳಾಗಬಹುದು. ಪಿಎಚ್‌ಡಿಯಲ್ಲಿ ಒಬ್ಬರ ಕೈಯಲ್ಲಿ ಆರು ವರ್ಷ ಇರುತ್ತದೆ. ಪಿಎಚ್‌ಡಿಗೆ ಮುಂಚೆ ನಾನು ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿದ್ದ ಲ್ಯಾಬಿಗೆ ಹೊರಗೆ ದೊಡ್ಡ ಹೆಸರು. ಗೈಡ್ ಎರಡು ತಿಂಗಳಿಗೊಮ್ಮೆ ಸಿಗುತ್ತಿದ್ದರು. ಒಂದೂವರೆ ವರ್ಷ ನಾನು ಮಾಡಿದ ಕೆಲಸ ಒಂದು ಪ್ರಬಂಧದಲ್ಲಿ ಬಂತು, ನನ್ನ ಹೆಸರು ಬರಲಿಲ್ಲ. ಕೇಳಲು ಧೈರ್ಯ ಸಾಲಲಿಲ್ಲ. ಅಲ್ಲೇ ಪಿಎಚ್‌ಡಿ ಮಾಡು ಅಂತ ಕರೆದರು. ಬೇಡ ಅಂದೆ. ಅದು ನನ್ನ ಓದಿನ ಬದುಕಿನ ಅತ್ಯಂತ ಒಳ್ಳೆ ತೀರ್ಮಾನ. ಆಮೇಲೆ ಸಿಕ್ಕ ಗೈಡ್ ಪ್ರತಿ ಸೋಮವಾರ ನೋಟ್‌ಬುಕ್ ನೋಡುತ್ತಿದ್ದರು, ಮಗು ಹುಟ್ಟಿದಾಗ ಫೋನ್ ಮಾಡಿ "ನೊಣಗಳನ್ನು ನಾವು ನೋಡಿಕೊಳ್ಳುತ್ತೇವೆ" ಅಂದರು.

ಗೈಡನ್ನು ಕೇಳಿದರೆ ಎಲ್ಲ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಅಲ್ಲಿನ ವಿದ್ಯಾರ್ಥಿಗಳನ್ನು ಕೇಳಿ. ಲ್ಯಾಬಿನ ಒಳಗೆ ಕೇಳಬೇಡಿ, ಹೊರಗೆ ಟೀಗೆ ಕರೆದುಕೊಂಡು ಹೋಗಿ. ಕೊನೆಯ ಮೂರು ಜನ ಎಷ್ಟು ವರ್ಷಕ್ಕೆ ಮುಗಿಸಿದರು, ಈಗ ಎಲ್ಲಿದ್ದಾರೆ ಅಂತ ಕೇಳಿ. ಯಾರಾದರೂ ಮಧ್ಯದಲ್ಲಿ ಬಿಟ್ಟಿದ್ದರೆ ಅವರ ನಂಬರ್ ತೆಗೆದುಕೊಂಡು ಅವರ ಹತ್ತಿರವೂ ಮಾತಾಡಿ. ಬರೆದುಕೊಟ್ಟದ್ದನ್ನು ಗೈಡ್ ಎಷ್ಟು ದಿನಕ್ಕೆ ಓದಿ ಕೊಡುತ್ತಾರೆ? ಕಳೆದ ಸಲ ಯಾವಾಗ ಊರಿಗೆ ಹೋಗಿದ್ರಿ? ಈ ಕೊನೆಯ ಪ್ರಶ್ನೆಗೆ ಉತ್ತರ ಬರುವ ಮುಂಚೆ ಅವರು ಎಷ್ಟು ಹೊತ್ತು ಸುಮ್ಮನಿರುತ್ತಾರೆ ಅಂತ ಗಮನಿಸಿ.

ಒಳ್ಳೆ ಗೈಡ್ ಸಿಗದಿದ್ದರೆ ಒಂದು ವರ್ಷ ಕಾಯಿರಿ. ಆ ವರ್ಷ ಕೆಲಸ ಮಾಡಿ.

ಬಾಗಿಲುಗಳು

ಬಿಎಸ್ಸಿಯಲ್ಲಿರುವಾಗಲೇ ಸಂಶೋಧನೆ ಬೇಕು ಅಂತ ಖಾತ್ರಿ ಇದ್ದರೆ ಇಂಟಿಗ್ರೇಟೆಡ್ ಪಿಎಚ್‌ಡಿ ಇದೆ. ಎಂಎಸ್ಸಿ, ಪಿಎಚ್‌ಡಿ ಎರಡೂ ಒಂದೇ ಕಡೆ. ಬೆಂಗಳೂರಿನಲ್ಲೇ ಮೂರು ಒಳ್ಳೆ ಜಾಗ: ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್‌ಸಿ), ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ (ಎನ್‌ಸಿಬಿಎಸ್). ಐಐಎಸ್‌ಸಿಗೆ ಫೆಬ್ರವರಿಯಲ್ಲಿ ನಡೆಯುವ ಜಾಮ್ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಎನ್‌ಸಿಬಿಎಸ್‌ಗೆ ಜೆಜಿಬಿಲ್ಸ್ ಅನ್ನುವ ಬೇರೆ ಪರೀಕ್ಷೆ ಇದೆ. ಸೇರುವ ಮುಂಚೆ ಒಂದು ಪ್ರಶ್ನೆ ತಪ್ಪದೆ ಕೇಳಿ: ಮಧ್ಯದಲ್ಲಿ ಬಿಡಬೇಕಾದರೆ ಎಂಎಸ್ಸಿ ಡಿಗ್ರಿ ಕೊಡುತ್ತೀರಾ, ಯಾವಾಗ? ಉತ್ತರವನ್ನು ಈಮೇಲ್‌ನಲ್ಲಿ ತರಿಸಿಕೊಳ್ಳಿ.

ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಅಂಕ ಇದ್ದರೆ 2022ರ ಯುಜಿಸಿ ನಿಯಮದಂತೆ ನೇರ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ನಮ್ಮ ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಿಂದ ಮತ್ತೆ ಮೂರು ವರ್ಷ ಆಯಿತು. ನಡುವಿನ ಬ್ಯಾಚಿನವರಲ್ಲಿ ನಾಲ್ಕನೇ ವರ್ಷ ಮುಗಿಸಿದವರಿಗೆ ಈ ಬಾಗಿಲು ತೆರೆದಿದೆ. ಆದರೂ ಲ್ಯಾಬಿನಲ್ಲಿ ಆರು ತಿಂಗಳು ಕೂರದೆ ಆ ಬಾಗಿಲಿಗೆ ಹೋಗಬೇಡಿ ಅಂತಲೇ ನನ್ನ ಮಾತು.

ವಿದೇಶದ ಲೆಕ್ಕ ಬೇರೆ. ಅಮೆರಿಕದಲ್ಲಿ ಜೀವವಿಜ್ಞಾನದ ಪಿಎಚ್‌ಡಿಗೆ ಸಾಮಾನ್ಯವಾಗಿ ಫೀಸು ಅವರೇ ಭರಿಸಿ ತಿಂಗಳ ಖರ್ಚೂ ಕೊಡುತ್ತಾರೆ. ಎಂಎಸ್‌ಗೆ ಹೆಚ್ಚಿನವರು ತಾವೇ ದುಡ್ಡು ಕಟ್ಟುತ್ತಾರೆ. ಪಿಎಚ್‌ಡಿ ಮಾಡುವ ಆಸೆಯಿಂದ ತೋಟ ಅಡ ಇಟ್ಟು ಅಲ್ಲಿ ಎಂಎಸ್‌ಗೆ ಹೋಗುವ ಮುಂಚೆ, ನೇರ ಪಿಎಚ್‌ಡಿಗೆ ಅರ್ಜಿ ಹಾಕಲು ಆಗುತ್ತಾ ಅಂತ ನೋಡಿ. ಜರ್ಮನಿಯಲ್ಲಿ ಪಿಎಚ್‌ಡಿಗೆ ಸಾಮಾನ್ಯವಾಗಿ ಎಂಎಸ್ಸಿ ಆಗಿರಬೇಕು. ಅಲ್ಲಿನ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಎಂಎಸ್ಸಿಗೆ ಬೋಧನಾ ಶುಲ್ಕ ಇಲ್ಲ. ಆದರೆ ಒಂದು ವರ್ಷದ ಖರ್ಚನ್ನು ಮೊದಲೇ ಬ್ಯಾಂಕಿನಲ್ಲಿ ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ಅದು 11,904 ಯೂರೋ.

ಲ್ಯಾಬ್ ಹುಡುಕುವುದು

ಬೇಸಿಗೆಗೆ ಎರಡು ತಿಂಗಳ ಅವಕಾಶ ಬೇಕಾದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಮತ್ತು ಇನ್ನೆರಡು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಿ. ಹಳ್ಳಿ ಕಾಲೇಜಿನವರೂ ಹಾಕಬಹುದು. ಆರು ತಿಂಗಳು, ಒಂದು ವರ್ಷದ ಪ್ರಾಜೆಕ್ಟ್ ಅಸಿಸ್ಟೆಂಟ್ ಕೆಲಸಗಳು ಸಂಸ್ಥೆಗಳ ವೆಬ್‌ಸೈಟಿನಲ್ಲಿ ವರ್ಷವಿಡೀ ಬರುತ್ತಿರುತ್ತವೆ. ಅದಕ್ಕಿಂತ ನೇರವಾಗಿ ಈಮೇಲ್ ಬರೆಯುವುದು ಒಳ್ಳೆಯದು. ಐದು ಸಾಲು ಸಾಕು. ಅವರ ಒಂದು ಪ್ರಬಂಧ ಪೂರ್ತಿ ಓದಿ, ಅದರಲ್ಲಿ ನಿಮಗೆ ಅರ್ಥವಾಗದ ಒಂದು ವಿಷಯವನ್ನು ಪ್ರಶ್ನೆಯಾಗಿ ಕೇಳಿ. ಯಾವ ತಿಂಗಳಿಂದ ಯಾವ ತಿಂಗಳವರೆಗೆ ಬರಬಲ್ಲಿರಿ ಅಂತ ಬರೆಯಿರಿ. ಒಂದೇ ಪತ್ರವನ್ನು 50 ಜನಕ್ಕೆ ಕಳಿಸಬೇಡಿ, ಓದಿದ ತಕ್ಷಣ ಗೊತ್ತಾಗುತ್ತದೆ. ಇಂಗ್ಲಿಷ್ ತಪ್ಪಿದ್ದರೆ ಹೆದರಬೇಡಿ. ಹತ್ತು ದಿನ ಉತ್ತರ ಬರದಿದ್ದರೆ ಇನ್ನೊಂದು ಸಲ ಬರೆಯಿರಿ.

ನಾನು 14 ಜನಕ್ಕೆ ಬರೆದೆ. ಇಬ್ಬರು ಉತ್ತರ ಕೊಟ್ಟರು. ಒಬ್ಬರು ಜಾಗ ಇಲ್ಲ ಅಂದರು. ಇನ್ನೊಬ್ಬರು ನನ್ನ ಪ್ರಶ್ನೆಗೆ ಒಂದು ಪುಟ ಉತ್ತರ ಬರೆದು, ಕೊನೆಯಲ್ಲಿ "ಸೋಮವಾರ ಬಾ" ಅಂದರು.